ಸಂಪಾದಕರ ಉತ್ತರ: ಆ ಕ್ಲಾಸಿಗೆ ಪ್ರವಾಸದ ಎರಡನೇ ದಿನಾನೇ ಹೋಗಿ

ಪ್ರೀತಿಯ ಓದುಗರೇ,

ನಿಮ್ಮ ಪತ್ರ ಎರಡು ಸಲ ಓದಿದೆ. ಮುಂದಿನ ತಿಂಗಳು ಅತ್ತಿಗೆ ಜೊತೆ ಒಂದು ವಾರ ಪ್ರವಾಸ ಹೋಗ್ತಿದೀರಿ, ಅಲ್ಲಿ ಹೊಸಬರಿಗೆ ಅಂತಾನೇ ಇರೋ ಪೇಂಟಿಂಗ್ ಅಂಡ್ ವೈನ್ ಕ್ಲಾಸ್ ಒಂದು ಕಣ್ಣಿಗೆ ಬಿದ್ದಿದೆ, ಅತ್ತಿಗೆ ಬುಕ್ ಮಾಡೇಬಿಡೋಣ ಅಂತಿದಾರೆ, ಆದ್ರೆ ನಿಮಗೆ ಮನಸ್ಸು ಹಿಂದೆಮುಂದೆ ಆಗ್ತಿದೆ, ಯಾಕಂದ್ರೆ ಏಳನೇ ಕ್ಲಾಸಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಮ್ಮ ಚಿತ್ರಾನ ಎಲ್ರಿಗೂ ಎತ್ತಿ ತೋರಿಸಿ "ಇದು ಆನೆನಾ ಬಂಡೆನಾ" ಅಂದಿದ್ದು ಇವತ್ತಿಗೂ ಮರೆತಿಲ್ಲ. ಅದರ ಜೊತೆಗೆ ವೈನ್ ಕುಡಿಯೋ ಅಭ್ಯಾಸಾನೂ ಇಲ್ಲ, ಎಲ್ರೂ ಕುಡೀತಿರುವಾಗ ನೀವು ಸುಮ್ನೆ ಕೂತ್ರೆ ಏನನ್ಕೊಳ್ತಾರೋ ಅನ್ನೋ ಮುಜುಗರ. ಹೋಗ್ಬೇಕಾ, ಹೋದ್ರೆ ಯಾವ ದಿನ, ಬರೆದ ಚಿತ್ರ ಮನೇವರೆಗೂ ತರೋದು ಹೇಗೆ ಅಂತ ಕೇಳಿದೀರಿ.

ಹೋಗಿ. ಕೊನೇ ದಿನಕ್ಕೆ ಇಟ್ಕೋಬೇಡಿ, ಎರಡನೇ ದಿನಾನೇ ಹೋಗಿ. ಯಾಕೆ ಅಂತ ಹೇಳ್ತೀನಿ, ಅದಕ್ಕಿಂತ ಮೊದಲು ಆ ಆನೆ ವಿಷಯ ಮಾತಾಡೋಣ.

ಏಳನೇ ಕ್ಲಾಸಿನ ಮಗು ಚಿತ್ರ ಬರೆದಾಗ ಅದಕ್ಕೆ ಯಾವುದರ ಮೇಲೆ ಯಾವುದು ಬರಬೇಕು, ಎಲ್ಲಿಂದ ಶುರು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲ್ಲ, "ಬರಿ" ಅಂತಾರೆ ಅಷ್ಟೇ, ಆಮೇಲೆ ಮಾರ್ಕ್ಸ್ ಹಾಕ್ತಾರೆ. ಈಜು ಕಲಿಸ್ದೇ ನೀರಿಗೆ ತಳ್ಳಿ ಮುಳುಗಿದ್ರೆ ನಿನಗೆ ಈಜು ಬರಲ್ಲ ಅಂದಂಗೆ ಅದು. ನಿಮ್ಮ ಪತ್ರದಲ್ಲಿ ಆ ಸಾಲು ಓದುವಾಗ ನನಗೆ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ಇಂಥದ್ದೇ ಪತ್ರ ನಮಗೆ ಆಗಾಗ ಬರತ್ತೆ, ಬರೆಯೋರು ಐವತ್ತು ದಾಟಿರ್ತಾರೆ, ಆ ಒಂದು ಮಾತು ಮಾತ್ರ ಹಾಗೇ ಮನಸ್ಸಲ್ಲಿ ಕೂತಿರತ್ತೆ.

ನೀವು ಹೇಳೋ ತರದ ಕ್ಲಾಸ್ ನಡೆಯೋದೇ ಬೇರೆ ರೀತಿ. ಎಲ್ರ ಮುಂದೂ ಒಂದು ಈಸೆಲ್ ಅಂದ್ರೆ ಚಿತ್ರ ನಿಲ್ಲಿಸೋ ಸ್ಟ್ಯಾಂಡ್, ಬಿಳಿ ಕ್ಯಾನ್ವಾಸ್, ಒಂದು ಪೇಪರ್ ಪ್ಲೇಟ್ ಮೇಲೆ ನಾಲ್ಕೈದು ಬಣ್ಣದ ಗುಡ್ಡೆ, ಮೂರು ಬ್ರಷ್, ನೀರಿನ ಲೋಟ, ಏಪ್ರನ್. ಎದುರಿಗೆ ಹೇಳಿಕೊಡೋರು ಅದೇ ಚಿತ್ರಾನ ಹಂತಹಂತವಾಗಿ ಬರೀತಾ ಹೋಗ್ತಾರೆ, ಮೊದಲು ಹಿಂದಿನ ಆಕಾಶ, ಅದು ಒಣಗಿದ್ಮೇಲೆ ದೂರದ ಬೆಟ್ಟ, ಆಮೇಲೆ ನೀರು, ಎಲ್ಲಾ ಆದ್ಮೇಲೆ ಮುಂದಿನ ಮರ, ನೀವು ನೋಡ್ಕೊಂಡು ಅದನ್ನೇ ಮಾಡೋದು. ಎರಡರಿಂದ ಮೂರು ಗಂಟೆ ಹಿಡಿಯತ್ತೆ. ಈ ಪದ್ಧತಿ ತುಂಬ ಹಳೇದೇನಲ್ಲ. ಅಮೆರಿಕದ ಅಲಬಾಮಾದಲ್ಲಿ 2002ರ ಹೊತ್ತಿಗೆ ಇಂಥ ಸ್ಟುಡಿಯೋ ಶುರುವಾಗಿತ್ತು, ಆಮೇಲೆ 2007ರಲ್ಲಿ ಲೂಸಿಯಾನಾದ ಮ್ಯಾಂಡೆವಿಲ್ ಅನ್ನೋ ಊರಲ್ಲಿ ಇಬ್ಬರು ಹೆಂಗಸರು ಪೇಂಟಿಂಗ್ ವಿತ್ ಎ ಟ್ವಿಸ್ಟ್ ಅಂತ ಶುರು ಮಾಡಿದ್ರು. 2005ರ ಕತ್ರಿನಾ ಚಂಡಮಾರುತ ಬಂದುಹೋಗಿ ಇನ್ನೂ ಎರಡೇ ವರ್ಷ ಆಗಿದ್ದ ಜಾಗ ಅದು. ಜನ ಒಂದು ಸಂಜೆ ಎಲ್ಲಾ ಮರೆತು ಕೂರೋಕೆ ಅಂತ ಮಾಡಿದ್ದು, ಕಲಾವಿದರನ್ನ ತಯಾರು ಮಾಡೋಕೆ ಅಲ್ಲ. ಹಾಗಾಗಿ ಬ್ರಷ್ ಹಿಡಿಯೋಕೇ ಬರ್ದೇ ಇರೋರು ಅಲ್ಲಿಗೆ ಬರೋದು ವಿಶೇಷ ಏನಲ್ಲ, ಆ ಕ್ಲಾಸ್ ಇರೋದೇ ಅವರಿಗೋಸ್ಕರ.

ಇನ್ನೊಂದು ಧೈರ್ಯದ ವಿಷಯ, ಅಲ್ಲಿ ಕೊಡೋ ಬಣ್ಣ ಹೆಚ್ಚುಕಮ್ಮಿ ಯಾವಾಗ್ಲೂ ಅಕ್ರಿಲಿಕ್ ಇರತ್ತೆ, ಹೊಸಬರಿಗೆ ಇದರಷ್ಟು ಒಳ್ಳೇದು ಬೇರೆ ಇಲ್ಲ. ಆಯಿಲ್ ಪೇಂಟ್ ಮುಟ್ಟೋಕೆ ಒಣಗೋದಕ್ಕೇ ದಿನಗಟ್ಟಲೆ ಬೇಕು, ದಪ್ಪಗೆ ಹಚ್ಚಿದ್ರೆ ತಿಂಗಳುಗಟ್ಟಲೆ. ವಾಟರ್ ಕಲರಲ್ಲಿ ಒಂದ್ಸಲ ಕಡುಬಣ್ಣ ಬಿತ್ತು ಅಂದ್ರೆ ಅದರ ಮೇಲೆ ತಿಳಿಬಣ್ಣ ಹಚ್ಚಿ ಮುಚ್ಚೋಕಾಗಲ್ಲ. ಅಕ್ರಿಲಿಕ್ ಹಾಗಲ್ಲ, ತೆಳ್ಳಗೆ ಹಚ್ಚಿದ್ದು ಹದಿನೈದಿಪ್ಪತ್ತು ನಿಮಿಷದಲ್ಲಿ ಒಣಗತ್ತೆ, ಒಣಗಿದ್ಮೇಲೆ ಅದು ಪ್ಲಾಸ್ಟಿಕ್ ಪದರ ಆಗ್ಬಿಡತ್ತೆ, ನೀರು ಬಿದ್ರೂ ಕರಗಲ್ಲ, ಇಷ್ಟ ಆಗ್ಲಿಲ್ವಾ, ಮೇಲೆ ಇನ್ನೊಂದು ಬಣ್ಣ ಹಚ್ಚಿ. ನಿಮ್ಮ ಆನೆ ಬಂಡೆ ಆಯ್ತು ಅಂದ್ಕೊಳ್ಳಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಆನೆ ಮಾಡಬಹುದು. ಕಲಾವಿದರಿಗೆ ಅಂತ ನೀರಲ್ಲಿ ಕಲಸೋ ಅಕ್ರಿಲಿಕ್ ಮಾರ್ಕೆಟ್ಟಿಗೆ ಬಂದಿದ್ದೇ 1950ರ ದಶಕದಲ್ಲಿ, ಅದಿಲ್ದೇ ಇದ್ದಿದ್ರೆ ಎರಡೂವರೆ ಗಂಟೇಲಿ ಚಿತ್ರ ಮುಗಿಸಿ ಕೈಯಲ್ಲಿ ಹಿಡ್ಕೊಂಡು ಹೊರಡೋ ಕ್ಲಾಸ್ ನಡೆಸೋದು ಕಷ್ಟಾನೇ ಆಗ್ತಿತ್ತು.

ಒಂದೆರಡು ಸಣ್ಣ ವಿಷಯ ಈಗ್ಲೇ ತಿಳ್ಕೊಂಡು ಹೋದ್ರೆ ಗಾಬರಿ ಆಗಲ್ಲ. ಅಕ್ರಿಲಿಕ್ ಒಣಗಿದ್ಮೇಲೆ ಬಣ್ಣ ಸ್ವಲ್ಪ ಕಡು ಆಗತ್ತೆ, ಹಸಿ ಇದ್ದಾಗ ಅದರೊಳಗಿನ ಅಂಟು ಹಾಲಿನ ಹಾಗೆ ಬೆಳ್ಳಗಿರತ್ತೆ, ಒಣಗಿದ್ರೆ ಗಾಜಿನ ತರ ತಿಳಿ ಆಗತ್ತೆ, ಅದಕ್ಕೇ. ಹಾಗಾಗಿ ನಿಮಗೆ ಬೇಕಾದ್ದಕ್ಕಿಂತ ಚೂರು ತಿಳಿಯಾಗಿ ಕಲಸಿ. ಬಣ್ಣ ಕಲಸುವಾಗ ಯಾವಾಗ್ಲೂ ತಿಳಿಬಣ್ಣ ಮೊದಲು ತಗೊಳ್ಳಿ, ಅದಕ್ಕೆ ಕಡುಬಣ್ಣ ಬ್ರಷ್ ತುದೀಲಿ ಸಾಸಿವೆ ಕಾಳಷ್ಟು ಮುಟ್ಟಿಸಿ. ಹಳದಿಗೆ ನೀಲಿ ಚೂರೇ ಚೂರು ಸೇರಿಸಿ ನೋಡಿ, ಇಡೀ ಗುಡ್ಡೆ ಹಸಿರಿಗೆ ತಿರುಗತ್ತೆ, ಅದೇ ನೀಲಿ ಮೊದಲು ತಗೊಂಡು ಅದಕ್ಕೆ ಹಳದಿ ಸುರೀತಾ ಹೋದ್ರೆ ಪ್ಲೇಟೆಲ್ಲಾ ಖಾಲಿ ಆದ್ರೂ ನಿಮಗೆ ಬೇಕಾದ ಎಳೆ ಹಸಿರು ಸಿಗಲ್ಲ. ಬಣ್ಣ ಕಡು ಮಾಡೋಕೆ ಅಂತ ಕಪ್ಪು ಆದಷ್ಟೂ ಕಲಸಬೇಡಿ. ಬ್ರಷ್ಷನ್ನ ಬಣ್ಣ ಹತ್ತಿರೋ ಹಾಗೇ ಮೇಜಿನ ಮೇಲೆ ಇಟ್ಟು ಮಾತಿಗೆ ಕೂರಬೇಡಿ, ಹತ್ತು ನಿಮಿಷದಲ್ಲಿ ಗಟ್ಟಿ ಆಗಿ ಹಾಳಾಗತ್ತೆ, ಆದ್ರೆ ನೀರಲ್ಲಿ ಅದ್ದಿ ಬಟ್ಟೇಲಿ ಒತ್ತದೇ ಹಾಗೇ ಹಚ್ಚಿದ್ರೆ ಕ್ಯಾನ್ವಾಸ್ ಮೇಲೆ ನೀರು ಇಳಿದು ಗೆರೆ ಬೀಳತ್ತೆ. ಅದ್ದಿ, ಒತ್ತಿ, ಆಮೇಲೆ ಬಣ್ಣ.

ವೈನ್ ವಿಷಯಕ್ಕೆ ಬರ್ತೀನಿ. ಕುಡೀಲೇಬೇಕು ಅಂತ ಎಲ್ಲೂ ಇಲ್ಲ, ಬುಕ್ ಮಾಡುವಾಗ್ಲೇ "ನನಗೆ ವೈನ್ ಬೇಡ, ಬೇರೆ ಏನಿದೆ" ಅಂತ ಒಂದು ಸಾಲು ಬರೆದು ಕೇಳಿ, ಜ್ಯೂಸೋ ಸೋಡಾನೋ ಏನಾದ್ರೂ ಇರತ್ತೆ, ಕೆಲವು ಕಡೆ ವೈನ್ ಇಲ್ದಿರೋ ಟಿಕೆಟ್ಟೇ ಬೇರೆ ಇರತ್ತೆ. ಅಲ್ಲಿ ಯಾರೂ ನಿಮ್ಮ ಗ್ಲಾಸ್ ನೋಡಲ್ಲ, ಎಲ್ರ ಕಣ್ಣೂ ಅವರವರ ಕ್ಯಾನ್ವಾಸ್ ಮೇಲೇ ಇರತ್ತೆ. ಇದನ್ನ ನಾನು ಕಣ್ಣಾರೆ ನೋಡಿದೀನಿ. ಅತ್ತಿಗೆಗೆ ಆಸೆ ಇದೆ ಅಂದ್ರಲ್ಲ, ಅವರಿಗೆ ಒಂದು ಲೆಕ್ಕ ಹೇಳಿ. 750 ಎಂಎಲ್ ಬಾಟಲೀಲಿ 150 ಎಂಎಲ್‌ನ ಐದು ಗ್ಲಾಸ್ ಬರತ್ತೆ, ಮಾಮೂಲಿ ವೈನಲ್ಲಿ ಆಲ್ಕೋಹಾಲ್ 12ರಿಂದ 14 ಪರ್ಸೆಂಟ್ ಇರತ್ತೆ, ಅಂಥ ಒಂದು ಗ್ಲಾಸನ್ನ ದೇಹ ಕರಗಿಸ್ಕೊಳ್ಳೋಕೆ ಒಂದೂವರೆ ಎರಡು ಗಂಟೆ ಬೇಕು. ಅಂದ್ರೆ ಕ್ಲಾಸಿನ ಅವಧಿಗೆ ಒಂದು ಗ್ಲಾಸ್ ಸರಿಯಾದ ಅಳತೆ. ನನ್ನ ಅಭಿಪ್ರಾಯ ಕೇಳಿದ್ರೆ, ಆಕಾಶ ಹಚ್ಚುವಾಗ ಅರ್ಧ, ಉಳಿದರ್ಧ ಬ್ರಷ್ ತೊಳೆದಿಟ್ಟ ಮೇಲೆ. ಮರದ ಸಣ್ಣ ಕೊಂಬೆ ಎಳೆಯೋದು ಕೊನೇಲೇ ಬರೋದು, ಆಗ ಕೈ ಗಟ್ಟಿ ಇರ್ಬೇಕು. ಹೊಟ್ಟೆಗೆ ಏನಾದ್ರೂ ತಿಂದೇ ಹೋಗಿ, ನಿದ್ದೆ ಮಾತ್ರೆ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳೋರಾದ್ರೆ ಹೊರಡೋ ಮುಂಚೆ ಡಾಕ್ಟರನ್ನ ಕೇಳಿ, ವಾಪಸ್ ಬರೋಕೆ ಗಾಡಿ ಓಡಿಸೋ ಪ್ಲಾನ್ ಇಟ್ಕೋಬೇಡಿ. ಹಾಂ, ವೈನ್ ಗ್ಲಾಸನ್ನ ಬ್ರಷ್ ಹಿಡಿಯೋ ಕೈ ಕಡೆ ಇಡಬೇಡಿ. ನೀರಿನ ಲೋಟ ಬಲಗಡೆ, ಕುಡಿಯೋದು ಎಡಗಡೆ, ಸ್ವಲ್ಪ ದೂರ. ಮಾತಿನ ಭರದಲ್ಲಿ ಬ್ರಷ್ ಹೋಗಿ ವೈನಲ್ಲಿ ಮುಳುಗೋದು ತುಂಬ ಸುಲಭ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ ಕೋಬಾಲ್ಟ್ ತರದ ಲೋಹ ಇರತ್ತೆ, ಬಣ್ಣ ಬಿದ್ದ ಗ್ಲಾಸ್ ಚೆಲ್ಲಿ ಹೊಸದು ತಗೊಳ್ಳಿ, ಸಂಕೋಚ ಬೇಡ.

ಇನ್ನೊಂದು ವಿಚಾರಿಸಿ. ಕೆಲವು ಕ್ಲಾಸಲ್ಲಿ ವೈನ್ ಬಗ್ಗೆ ಗೊತ್ತಿರೋರು ಇದ್ದು ಯಾವ ದ್ರಾಕ್ಷಿ, ವಾಸನೆ ಹೇಗೆ ಹಿಡಿಯೋದು ಅಂತ ಹೇಳಿಕೊಡ್ತಾರೆ, ಕೆಲವು ಕಡೆ ಸುಮ್ನೆ ಗ್ಲಾಸಿಗೆ ಸುರಿದು ಕೊಡ್ತಾರೆ, ಇನ್ನು ಕೆಲವು ಕಡೆ ಬಾಟಲಿ ನೀವೇ ತರ್ಬೇಕು. ಮೂರಕ್ಕೂ ಒಂದೇ ಹೆಸರು, ಹೋದ್ಮೇಲೆ ಗೊತ್ತಾದ್ರೆ ಅತ್ತಿಗೆಗೆ ಬೇಜಾರಾಗತ್ತೆ. ಭಾಷೆ ಯಾವುದು, ಎಷ್ಟು ಜನ ಇರ್ತಾರೆ ಅನ್ನೋದನ್ನೂ ಕೇಳಿ, ಒಬ್ಬರು ಹೇಳಿಕೊಡೋರಿಗೆ ಹತ್ತು ಹನ್ನೆರಡು ಜನ ಇದ್ರೆ ಪಕ್ಕಕ್ಕೆ ಬಂದು ನಿಮ್ಮ ಕೈ ನೋಡಿ ಹೇಳ್ತಾರೆ, ಮೂವತ್ತು ಜನ ಆದ್ರೆ ಅದು ಆಗಲ್ಲ.

ಈಗ ಎರಡನೇ ದಿನಾನೇ ಯಾಕೆ ಅಂತ. ಮೊದಲನೇ ದಿನ ಬೇಡ, ಪ್ರಯಾಣದ ಸುಸ್ತು, ನೀರು ಸರಿಯಾಗಿ ಕುಡಿದಿರಲ್ಲ, ಆ ಸ್ಥಿತೀಲಿ ಅರ್ಧ ಗ್ಲಾಸ್ ವೈನೂ ತಲೆಗೆ ಹತ್ತತ್ತೆ. ಕೊನೇ ದಿನ ಇಟ್ಕೊಂಡ್ರೆ ಚಿತ್ರ ಪೂರ್ತಿ ಒಣಗಿರಲ್ಲ, ಮೇಲೆ ಒಣಗಿದಂಗೆ ಕಂಡ್ರೂ ದಪ್ಪ ಇರೋ ಕಡೆ ಒಳಗೆ ಹಸಿ ಇರತ್ತೆ. ಆದ್ರೆ ನನ್ನ ದೊಡ್ಡ ಕಾರಣ ಇದಲ್ಲ.

ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ಒಂದು ಊರಿಗೆ ಹೋದಾಗ ನಾನೂ ಇಂಥ ಒಂದು ಕ್ಲಾಸಲ್ಲಿ ಕೂತಿದ್ದೆ. ಕೆರೆ ದಡದಲ್ಲಿ ಒಂದು ಮರ, ಅಷ್ಟೇ ಚಿತ್ರ. ಕಾಂಡಕ್ಕೆ ಅಂತ ನಾನು ಕಂದು ಬಣ್ಣ ಕಲಸ್ಕೊಂಡು ರೆಡಿ ಆಗಿದ್ದೆ, ಹೇಳಿಕೊಡ್ತಿದ್ದ ಹುಡುಗಿ ಪಕ್ಕದಲ್ಲಿ ಬಂದು ನಿಂತು ಮೆಲ್ಲಗೆ ಕೇಳಿದ್ಲು, "ಈ ಬಣ್ಣದ ಮರ ಎಲ್ಲಿ ನೋಡಿದ್ರಿ ಸರ್?" ನನಗೆ ಉತ್ತರ ಹೊಳೀಲಿಲ್ಲ. ಮರ ಅಂದ್ರೆ ಕಂದು ಅಂತ ಚಿಕ್ಕಂದಿನಿಂದ ಕ್ರೇಯಾನ್ ಡಬ್ಬಿ ಹೇಳಿಕೊಟ್ಟಿದ್ದು, ಅದನ್ನೇ ಬರೀತಿದ್ದೆ. ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಕಾಯ್ತಾ ನಿಂತಾಗ ಸ್ಟಾಪಿನ ಪಕ್ಕ ಒಂದು ಮರ ಇತ್ತು, ಹತ್ತಿರ ಹೋಗಿ ನೋಡಿದೆ. ಬೂದಿ ಬಣ್ಣ. ಬಿಸಿಲು ಬೀಳೋ ಕಡೆ ಹೆಚ್ಚುಕಮ್ಮಿ ಬಿಳಿ, ನೆರಳಿನ ಕಡೆ ನೇರಳೆಗೆ ತಿರುಗಿತ್ತು, ಬುಡದಲ್ಲಿ ಒಂದು ಮೊಳದಷ್ಟು ಪಾಚಿ ಹಸಿರು, ತೊಗಟೆ ಎದ್ದು ಹೋದ ಒಂದು ಜಾಗದಲ್ಲಿ ಮಾತ್ರ ಅಂಗೈಯಷ್ಟು ಕೆಂಪು ಬೆರೆತ ಕಂದು. ಎರಡು ಬಸ್ ಬಿಟ್ಟೆ. ಆಮೇಲೆ ಉಳಿದ ನಾಲ್ಕು ದಿನಾನೂ ಗೋಡೆ ನೋಡಿದ್ರೆ ಇದನ್ನ ಏನೇನು ಸೇರಿಸಿ ಕಲಸಬೇಕು, ಸಂಜೆ ಆಕಾಶ ನೋಡಿದ್ರೆ ಹಳದಿ ಎಲ್ಲಿ ಮುಗೀತು ನೀಲಿ ಎಲ್ಲಿ ಶುರುವಾಯ್ತು, ಮಧ್ಯೆ ಹಸಿರು ಯಾಕೆ ಬರಲಿಲ್ಲ, ಇದೇ ನೋಡ್ತಿದ್ದೆ. ಆ ಪ್ರವಾಸದ ಮೊದಲ ಎರಡು ದಿನ ಏನು ನೋಡಿದೆ ಅಂತ ಇವತ್ತು ಕೇಳಿದ್ರೆ ಫೋನಲ್ಲಿರೋ ಫೋಟೋ ತೆಗೆದೇ ಹೇಳ್ಬೇಕು, ಆ ಬಸ್ ಸ್ಟಾಪಿನ ಮರಾನ ಕಣ್ಣು ಮುಚ್ಚಿ ಹೇಳಬಲ್ಲೆ. ಅದಕ್ಕೇ ಕೊನೇ ದಿನ ಬೇಡ ಅನ್ನೋದು. ಆ ಕಣ್ಣು ಸಿಗೋದು ವಾಪಸ್ ಹೊರಡೋ ಹಿಂದಿನ ಸಂಜೆ ಆದ್ರೆ ಅದನ್ನ ಇಟ್ಕೊಂಡು ಆ ಊರು ನೋಡೋಕೆ ಟೈಮೇ ಇರಲ್ಲ.

ಚಿತ್ರ ಮನೆಗೆ ತರೋದು. ಈ ಕ್ಲಾಸಲ್ಲಿ ಸಾಮಾನ್ಯವಾಗಿ ಕೊಡೋ ಕ್ಯಾನ್ವಾಸ್ 16×20 ಇಂಚಿಂದು, ಅಂದ್ರೆ 40×50 ಸೆಂಟಿಮೀಟರ್, ಎಷ್ಟೋ ವಿಮಾನ ಕಂಪನಿಗಳ ಕ್ಯಾಬಿನ್ ಬ್ಯಾಗ್ ಅಳತೆ ಚಕ್ರ ಸೇರಿ 55×40 ಸೆಂಟಿಮೀಟರ್, ಒಳಗಿನ ಜಾಗ ಅದಕ್ಕಿಂತ ಕಮ್ಮಿ, ಹಾಗಾಗಿ ಒಳಗೆ ಹೋಗಲ್ಲ. ಮೊದಲೇ ಮೇಲ್ ಮಾಡಿ 11×14 ಇಂಚಿಂದು ಸಿಗತ್ತಾ ಕೇಳಿ, ಇಲ್ಲಾ ಮರದ ಫ್ರೇಮ್ ಇಲ್ದಿರೋ ತೆಳು ಬೋರ್ಡ್ ಕೊಡ್ತಾರಾ ಕೇಳಿ, ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಚಪ್ಪಟೆಯಾಗಿ ಕೂತ್ಕೊಳತ್ತೆ. ಅಕ್ರಿಲಿಕ್ ಒಣಗಿದ್ಮೇಲೂ ಸೆಖೆಗೆ ಸ್ವಲ್ಪ ಅಂಟಂಟಾಗತ್ತೆ, ಅದಕ್ಕೆ ಬಬಲ್ ರ‍್ಯಾಪ್ ಆಗ್ಲಿ ನ್ಯೂಸ್ ಪೇಪರ್ ಆಗ್ಲಿ ನೇರವಾಗಿ ಮೇಲೆ ಸುತ್ತಬೇಡಿ, ಗುಳ್ಳೆಗಳ ಅಚ್ಚು ಹಾಗೇ ಉಳಿಯತ್ತೆ. ಮೊದಲು ಬೇಕಿಂಗ್‌ಗೆ ಬಳಸೋ ಅಂಟದ ಕಾಗದ, ಅದರ ಮೇಲೆ ಏನು ಬೇಕಾದ್ರೂ. ನಿಮ್ಮದು ಅತ್ತಿಗೇದು ಎರಡನ್ನೂ ಮುಖಕ್ಕೆ ಮುಖ ಕೊಟ್ಟು ಕಟ್ಟಬೇಡಿ. ಫ್ರೇಮಿಂದ ಬಿಚ್ಚಿ ಸುರುಳಿ ಸುತ್ತೋ ಹಾಗಿದ್ರೆ ಬಣ್ಣ ಇರೋ ಕಡೆ ಹೊರಗೆ ಬರೋ ಹಾಗೆ, ದಪ್ಪ ಕೊಳವೆ ಮೇಲೆ, ಸಡಿಲವಾಗಿ. ಒಳಗೆ ಮಾಡಿ ಸುತ್ತಿದ್ರೆ ಬಣ್ಣ ಒತ್ತಿಕೊಂಡು ಸುಕ್ಕಾಗತ್ತೆ. ತುಂಬ ಚಳಿ ಇರೋ ಕಡೆ ಅಕ್ರಿಲಿಕ್ ಬಿರುಸಾಗತ್ತೆ, ಆಗ ಬಗ್ಗಿಸಿದ್ರೆ ಸೀಳತ್ತೆ, ಬೆಚ್ಚಗಿರೋ ರೂಮಲ್ಲೇ ಸುತ್ತಿ.

ಪತ್ರದ ಕೊನೇಲಿ ಎರಡು ಚಿತ್ರದ ಹೆಸರು ಬರೆದಿದೀರಿ, ಒಂದು ದಿನ ಕೆರೆ ಮೇಲಿನ ಸೂರ್ಯಾಸ್ತ, ಇನ್ನೊಂದು ದಿನ ಮಳೆ ಬಿದ್ದ ರಾತ್ರಿಯ ಬೀದಿ, ನಿಮಗೆ ಬೀದಿ ಇಷ್ಟ. ಕೆರೇದೇ ತಗೊಳ್ಳಿ. ಬೀದಿ ಅಂದ್ರೆ ಕಿಟಕಿ, ಬಾಗಿಲು, ದೂರ ಹೋಗ್ತಾ ಸಣ್ಣ ಆಗೋ ಗೆರೆ, ಒಂದು ಗೆರೆ ವಾಲಿದ್ರೂ ಕಣ್ಣು ತಕ್ಷಣ ಹಿಡಿಯತ್ತೆ. ಕೆರೇಲಿ ಅಂಥ ತೊಂದರೆ ಇಲ್ಲ, ಮೋಡ ಹೇಗಿದ್ರೂ ಮೋಡಾನೇ, ಮುಂದಿನ ಮರ ಬರೀ ಕಪ್ಪು ಆಕಾರ. ಮೊದಲ ಸಲ ಕೂತು ಎದ್ದಾಗ "ಇದನ್ನ ನಾನೇ ಮಾಡಿದೆ" ಅಂತ ನಿಮಗೇ ಅನ್ನಿಸೋದು ನನಗೆ ಮುಖ್ಯ. ಬೀದೀನ ಮನೆಗೆ ಬಂದ್ಮೇಲೆ, ಅಲ್ಲಿ ನೀವೇ ನೋಡಿದ ಯಾವುದಾದ್ರೂ ಬೀದಿ ನೆನಪಿಸ್ಕೊಂಡು, ಎರಡನೇ ಚಿತ್ರವಾಗಿ ಮಾಡಿ.

ಫೋಟೋ ಕಳಿಸಿ. ಕಿಟಕಿ ಪಕ್ಕ ಹಗಲು ಬೆಳಕಲ್ಲಿ ಇಟ್ಟು, ಫ್ಲ್ಯಾಶ್ ಆಫ್ ಮಾಡಿ ತೆಗೀರಿ, ಅಕ್ರಿಲಿಕ್ ಹೊಳೀತದೆ, ಫ್ಲ್ಯಾಶ್ ಬಿದ್ರೆ ನಿಮ್ಮ ಆಕಾಶ ಕಾಣಲ್ಲ. ಅತ್ತಿಗೇದೂ ಕಳಿಸಿ.

ನಿಮ್ಮ,
ಸಂಪಾದಕ