ಅತ್ತೆಯವರನ್ನು ಹೊರಗೆ ಕಳಿಸಿದ್ದು ಏಕೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗೆಂದು ಬಂದವರು ಅತ್ತೆಯವರನ್ನು ಹೊರಗೆ ಕೂರಲು ಹೇಳಿ ನಿಮ್ಮೊಬ್ಬರನ್ನೇ ಪ್ರಶ್ನಿಸಿದ್ದು ಸರಿಯೇ, ಎಲ್ಲದಕ್ಕೂ ಉತ್ತರಿಸಲೇಬೇಕೇ ಎಂದು ಕೇಳಿದ್ದೀರಿ. ಅವರು ಮಾಡಿದ್ದು ಸರಿಯಾಗಿದೆ. 15ರಿಂದ 49 ವರ್ಷದ ಮಹಿಳೆಯರನ್ನು ಏಕಾಂತದಲ್ಲಿ ಮಾತನಾಡಿಸಬೇಕು, ಏಕೆಂದರೆ ತಾನು ನುಂಗುವ ಗರ್ಭನಿರೋಧಕ ಗುಳಿಗೆಯ ವಿಷಯವನ್ನಾಗಲಿ, ಆಗಿಹೋದ ಗರ್ಭಪಾತವನ್ನಾಗಲಿ ಹಿರಿಯರ ಎದುರು ಬಾಯಿಬಿಟ್ಟು ಹೇಳುವುದು ಅನೇಕರಿಗೆ ಸಾಧ್ಯವಾಗುವುದಿಲ್ಲ. ಇಂಥದೇ ಕೆಲಸಕ್ಕೆ ನಾನು ಹಳ್ಳಿಗೆ ಹೋಗಿದ್ದಾಗ, ‘ಏನೂ ಬಳಸುತ್ತಿಲ್ಲ’ ಎಂದಿದ್ದ ಸೊಸೆಯೊಬ್ಬಳು, ಅತ್ತೆ ನೀರು ತರಲು ಎದ್ದ ಕೂಡಲೇ ‘ವಂಕಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಾಧನ) ಹಾಕಿಸಿಕೊಂಡಿದ್ದೇನೆ, ಅಕ್ಕಾ’ ಎಂದು ಪಿಸುಗುಟ್ಟಿದ್ದಳು. ಉತ್ತರಿಸುವುದು ಕಡ್ಡಾಯವಲ್ಲ, ಬೇಡವೆನಿಸಿದ ಪ್ರಶ್ನೆಯನ್ನು ಬಿಡಬಹುದು. ಆದರೂ ಸಾಧ್ಯವಾದಷ್ಟು ಹೇಳಿ ಎಂದೇ ನನ್ನ ಕೋರಿಕೆ: 2019–21ರ ಸುತ್ತಿನಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಸುಮಾರು ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ ಎಂಬುದು ಇಂಥ ಉತ್ತರಗಳಿಂದಲೇ ಗೊತ್ತಾಯಿತು.