ಉಳಿ ಸೀಳಿದ್ದೇಕೆ?

ಪ್ರಶ್ನೆ: ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮರಗೆಲಸದ ಉಳಿ ಮಾಡಿದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಟಿಣ್ಣೆಂದು ಬಾಯಿಯ ಬಳಿ ಸೀಳು ಬಿತ್ತು. ಇನ್ನೊಂದನ್ನು ಬೂದಿಯಲ್ಲಿ ಹೂತು ಆರಿಸಿದರೆ ತೀರಾ ಮೆತ್ತಗಾಯಿತು. ಉಕ್ಕು ಒಂದೇ, ಕುಲುಮೆ ಒಂದೇ, ಹೀಗೇಕೆ?

ಉತ್ತರ: ವ್ಯತ್ಯಾಸವೆಲ್ಲ ಇಂಗಾಲಕ್ಕೆ ಸಿಕ್ಕ ಸಮಯದ್ದು. ಇಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇ 0.5–0.6ರಷ್ಟು ಇಂಗಾಲವಿರುತ್ತದೆ. 800 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಕಬ್ಬಿಣದಲ್ಲಿ ಕರಗಿರುತ್ತದೆ. ಉಕ್ಕಿನ ಈ ಪ್ರಾವಸ್ಥೆಗೆ, ಅಂದರೆ ಪರಮಾಣುಗಳ ಈ ಜೋಡಣೆಗೆ, ಆಸ್ಟೆನೈಟ್ ಎಂದು ಹೆಸರು. ಆರಿದ ಕಬ್ಬಿಣವೋ ಶೇ 0.02ಕ್ಕಿಂತ ಹೆಚ್ಚು ಇಂಗಾಲ ಹಿಡಿದಿಟ್ಟುಕೊಳ್ಳಲಾರದು. ಬೂದಿಯಲ್ಲಿ ನಿಧಾನಕ್ಕೆ ಆರುವಾಗ ಇಂಗಾಲ ಸರಿದು ಹೋಗಿ ಸಿಮೆಂಟೈಟ್ (ಕಬ್ಬಿಣ–ಇಂಗಾಲದ ಸಂಯುಕ್ತ) ಪದರಗಳಾಗಿ ಬೇರೆ ಕೂರುತ್ತದೆ. ನಿಮ್ಮ ಎರಡನೇ ಉಳಿ ಮೆತ್ತಗಾದದ್ದು ಹೀಗೆ.

ನೀರಿಗೆ ಅದ್ದಿದಾಗ ಸರಿಯಲು ಪುರುಸೊತ್ತೇ ಇಲ್ಲ. 300 ಡಿಗ್ರಿಯ ಆಸುಪಾಸಿನಲ್ಲಿ ಪರಮಾಣುಗಳ ಜೋಡಣೆಯೇ ಇಂಗಾಲವನ್ನು ಒಳಗೆ ಸಿಕ್ಕಿಸಿಕೊಂಡು ಓರೆಯಾಗಿ ಜಾರಿ ಮಾರ್ಟೆನ್ಸೈಟ್ ಎಂಬ ಗಡಸು ಪ್ರಾವಸ್ಥೆ ಆಗತೊಡಗುತ್ತದೆ. ನಿಧಾನಕ್ಕೆ ಆರಿದಾಗ ಯಾವ ಕಾವಿಗೆ ಯಾವ ಪ್ರಾವಸ್ಥೆ ಎಂದು ತೋರಿಸುವ ಕಬ್ಬಿಣ–ಇಂಗಾಲದ ಸಮತೋಲನ ನಕ್ಷೆಯಲ್ಲಿ ಎಲ್ಲಿ ಹುಡುಕಿದರೂ ಈ ಪ್ರಾವಸ್ಥೆ ಸಿಗದು. ಗಡಸುತನ ಬರುವುದು ಇದರಿಂದ, ಸೀಳು ಬರುವುದೂ ಇದರಿಂದಲೇ: ಹೀಗೆ ಬದಲಾಗುವಾಗ ಗಾತ್ರ ಸುಮಾರು ಶೇ 4ರಷ್ಟು ಹಿಗ್ಗುತ್ತದೆ. ಹೊರಮೈ ಮೊದಲೇ ಗಟ್ಟಿಯಾಗಿ ನಿಂತಿರುತ್ತದೆ. ಒಳಭಾಗ ತಡವಾಗಿ ಹಿಗ್ಗಿದಾಗ ಆ ಎಳೆತವನ್ನು ಹೊರಮೈ ತಾಳದು.

ಈ ಉಕ್ಕಿಗೆ ನೀರು ಬೇಡ. ಮ್ಯಾಂಗನೀಸ್, ಕ್ರೋಮಿಯಂನಂಥ ಬೆರಕೆಗಳು ಇಂಗಾಲ ಬೇರ್ಪಡುವುದನ್ನು ತಡಮಾಡುವುದರಿಂದ ಎಣ್ಣೆಯ ವೇಗವೇ ಸಾಕು. ಬಾಯಿಯನ್ನು 1.5–2 ಮಿ.ಮೀ. ದಪ್ಪ ಉಳಿಸಿ, ಅರದ ಗೀರುಗಳನ್ನು ಉಜ್ಜಿ ತೆಗೆಯಿರಿ. ಸೀಳು ಶುರುವಾಗುವುದು ಅಂಥ ಗೀರಿನಲ್ಲೇ. ಕಾದ ಬಣ್ಣ ಸರಿಯಾಗಿ ಕಾಣುವಂತೆ ನೆರಳಿನಲ್ಲಿ ಕಾಯಿಸಿ. ಅಯಸ್ಕಾಂತ ಅಂಟದಂತಾದ ಮೇಲೆ ಇನ್ನೊಂದಿಷ್ಟು ಕೆಂಪೇರಿಸಿ, 830–850 ಡಿಗ್ರಿಯಲ್ಲಿ ಕೆಲವು ನಿಮಿಷ ಬಿಡಿ. ಹಳದಿ ಬಣ್ಣಕ್ಕೆ ಹೋದರೆ ಉಕ್ಕಿನೊಳಗಿನ ಸಣ್ಣ ಹರಳುಗಳು ದಪ್ಪಗಾಗಿ ಬಾಯಿ ಚಕ್ಕೆ ಏಳುತ್ತದೆ. ಮುಚ್ಚಳವಿರುವ ಲೋಹದ ಪಾತ್ರೆಯಲ್ಲಿ 4–5 ಲೀಟರ್ ಶೇಂಗಾ ಎಣ್ಣೆಯನ್ನು 50–60 ಡಿಗ್ರಿಗೆ ಬಿಸಿ ಮಾಡಿಟ್ಟುಕೊಳ್ಳಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಶಾಖ ಎಳೆಯುತ್ತದೆ. ಉಳಿಯನ್ನು ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಅಕ್ಕಪಕ್ಕ ಆಡಿಸಿದರೆ ಒಂದು ಮಗ್ಗುಲು ಬೇಗ ತಣಿದು ಬಾಗುತ್ತದೆ. ಎಂಜಿನ್ನಿನ ಸುಟ್ಟ ಎಣ್ಣೆ ಬಳಸಲೇಬೇಡಿ, ಅದರ ಹೊಗೆ ವಿಷ.

ಹೊಸ ಅರವನ್ನು ಬಾಯಿಯ ಮೇಲೆ ಎಳೆದು ನೋಡಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಹಿಡಿದಿದೆ. ಕಚ್ಚಿದರೆ ಒಂದೋ ಕಾವು ಸಾಲದು, ಇಲ್ಲವೇ ಬೆಂಕಿಯಿಂದ ಎಣ್ಣೆಗೆ ತರುವಾಗ ತಡವಾಗಿದೆ. ಹದ ಹಿಡಿದದ್ದನ್ನು ರಾತ್ರಿಯಿಡೀ ಹಾಗೇ ಇಡಬೇಡಿ, ಒಳಗಿನ ಬಿಗಿತಕ್ಕೆ ತಾನಾಗಿಯೇ ಸೀಳಬಹುದು. ಕೈಗೆ ತಾಳುವಷ್ಟು ಆರಿದೊಡನೆ ಓವನ್ನಿನಲ್ಲಿ 220 ಡಿಗ್ರಿಗೆ ಒಂದು ಗಂಟೆಯಂತೆ ಎರಡು ಸಲ ಇಡಿ. ಮೊದಲೇ ಉಜ್ಜಿ ಹೊಳೆಯಿಸಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಬೇಕು. ನೀಲಿಗೆ ತಿರುಗಿದರೆ ಕಾವು ಮೀರಿದೆ, ಹರಿತ ನಿಲ್ಲದು.