ವಾಟರ್ ಪೋಲೊ: ಗುಂಪು ಹಂತದಲ್ಲೇ ಸೋತ ತಂಡ ಚಾಂಪಿಯನ್ ಆಗಲು ಸಾಧ್ಯವೇ?

ಈಜುಕೊಳದಲ್ಲಿ ಚೆಂಡು ಎಸೆದು ಗೋಲು ಹೊಡೆಯುವ ವಾಟರ್ ಪೋಲೊ ಆಟದಲ್ಲಿ, ಗುಂಪು ಹಂತದಲ್ಲಿ ಎರಡು ಮೂರು ಪಂದ್ಯ ಸೋತ ತಂಡದ ಮೇಲೆ ಇನ್ನೂ ಆಸೆ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಇಟ್ಟುಕೊಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಟೂರ್ನಿಯನ್ನೇ ನೋಡಿ. ಫೈನಲ್ ಆಡಿದ ಸರ್ಬಿಯಾ ಮತ್ತು ಕ್ರೊಯೇಷಿಯಾ ಎರಡೂ ತಮ್ಮ ತಮ್ಮ ಗುಂಪಿನಲ್ಲಿ ನಾಲ್ಕನೇ ಸ್ಥಾನ ಪಡೆದಿದ್ದವು!

ಅಲ್ಲಿ ಇದ್ದದ್ದು 12 ತಂಡಗಳು, ಆರಾರು ತಂಡಗಳ ಎರಡು ಗುಂಪು. ಪ್ರತಿ ಗುಂಪಿನಿಂದ ನಾಲ್ಕು ತಂಡ ಕ್ವಾರ್ಟರ್‌ಫೈನಲ್‌ಗೆ ಹೋಗುತ್ತವೆ. ಹಾಗಾಗಿ ಗುಂಪಿನಲ್ಲಿ ಸೋತರೂ ಸುಧಾರಿಸಿಕೊಳ್ಳಲು ಜಾಗ ಇರುತ್ತದೆ. ಸರ್ಬಿಯಾ ಆಸ್ಟ್ರೇಲಿಯಾಕ್ಕೆ ಸೋತಿತು, ಸ್ಪೇನ್‌ಗೆ ಸೋತಿತು, ಹಂಗೇರಿಗೂ ಸೋತಿತು. ಅದೇ ಗುಂಪಿನಲ್ಲಿ ಸ್ಪೇನ್ ಆಡಿದ ಪಂದ್ಯಗಳನ್ನೆಲ್ಲ ಗೆದ್ದಿತ್ತು. ಆದರೆ ಕ್ವಾರ್ಟರ್‌ಫೈನಲ್‌ನಲ್ಲಿ ಕ್ರೊಯೇಷಿಯಾ ಎದುರು 8-10ರಿಂದ ಸೋತು ಹೊರಬಿತ್ತು. ಸರ್ಬಿಯಾ ಮಾತ್ರ ಗ್ರೀಸ್ ತಂಡವನ್ನು 12-11, ಅಮೆರಿಕವನ್ನು 10-6, ಕೊನೆಗೆ ಕ್ರೊಯೇಷಿಯಾವನ್ನು 13-11ರಿಂದ ಮಣಿಸಿ ಸತತ ಮೂರನೇ ಚಿನ್ನ ಗೆದ್ದಿತು. ಆ ಫೈನಲ್ ನೋಡಿಲ್ಲದಿದ್ದರೆ ದಯವಿಟ್ಟು ಹುಡುಕಿ ನೋಡಿ.

ಬಲಿಷ್ಠ ತಂಡಗಳ ನಡುವೆ ಅಂತರ ಇಷ್ಟು ಕಡಿಮೆ ಯಾಕೆ? ನನ್ನ ಪ್ರಕಾರ ದೊಡ್ಡ ಕಾರಣ ಎಕ್ಸ್‌ಕ್ಲೂಷನ್, ಅಂದರೆ ತಪ್ಪು ಮಾಡಿದ ಆಟಗಾರನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸುವುದು. ನೀರಿನಲ್ಲಿ ಒಂದು ತಂಡದಿಂದ ಏಳು ಜನ, ಅದರಲ್ಲಿ ಒಬ್ಬರು ಗೋಲ್‌ಕೀಪರ್. ಚೆಂಡು ಕೈಯಲ್ಲಿ ಇಲ್ಲದವನನ್ನು ಹಿಡಿದೆಳೆದರೆ ಅಥವಾ ಮುಳುಗಿಸಿದರೆ ಹಾಗೆ ಮಾಡಿದ ಆಟಗಾರ ಸ್ವಲ್ಪ ಹೊತ್ತು ಹೊರಗಿರಬೇಕು. ಪ್ಯಾರಿಸ್‌ನಲ್ಲಿ ಅದು 20 ಸೆಕೆಂಡ್ ಇತ್ತು. ಆಗ ಆರು ಜನರ ದಾಳಿಯನ್ನು ಐದೇ ಜನ ತಡೆಯಬೇಕು. ಮೂರು ಸಲ ಹೀಗೆ ಸಿಕ್ಕಿಬಿದ್ದರೆ ಆ ಪಂದ್ಯದಲ್ಲಿ ಮತ್ತೆ ಆಡುವ ಹಾಗಿಲ್ಲ. ಎದುರಾಳಿಯ ಮುಖ್ಯ ದಾಳಿಗಾರ, ಅಂದರೆ ಸೆಂಟರ್ ಫಾರ್ವರ್ಡ್, ಗೋಲಿಗೆ ಬೆನ್ನು ಕೊಟ್ಟು ನಿಂತಿರುತ್ತಾನಲ್ಲ, ಅವನನ್ನು ಕಾಯುವ ಸೆಂಟರ್ ಡಿಫೆಂಡರ್‌ಗೆ ಈ ಅಪಾಯ ಎಲ್ಲರಿಗಿಂತ ಜಾಸ್ತಿ. ನಾಲ್ಕು ಕ್ವಾರ್ಟರ್‌ಗಳ ಪಂದ್ಯದಲ್ಲಿ ಅವನು ಮೂರನೆಯದರಲ್ಲೇ ಹೊರಹೋದರೆ ಎಂಥ ತಂಡದ ರಕ್ಷಣೆಯೂ ಅಲುಗಾಡುತ್ತದೆ. ಒಂದೇ ಗೋಲಿನಲ್ಲಿ ತೀರ್ಮಾನ ಆಗುವ ಪಂದ್ಯಗಳಲ್ಲಿ ಇದೇ ಸಾಕು, ಅಲ್ವಾ?

ಹಾಗಂತ ಯಾರು ಬೇಕಾದರೂ ಗೆಲ್ಲುತ್ತಾರೆ ಅಂತಲ್ಲ. ಹಂಗೇರಿ ಪುರುಷರು ಒಲಿಂಪಿಕ್ಸ್‌ನಲ್ಲಿ ಒಂಬತ್ತು ಚಿನ್ನ ಗೆದ್ದಿದ್ದಾರೆ, 2000ದಿಂದ 2008ರವರೆಗೆ ಸತತ ಮೂರು. ನನಗೆ ಇಂದಿಗೂ ಅತಿ ಪ್ರೀತಿಯ ತಂಡ ಅದೇ. ಯುಗೊಸ್ಲಾವಿಯಾ ಒಡೆದ ಮೇಲೆ ಸರ್ಬಿಯಾ, ಕ್ರೊಯೇಷಿಯಾ, ಮಾಂಟೆನೆಗ್ರೊ ಬೇರೆ ಬೇರೆಯಾಗಿ ಆಡಿದರೂ ಮೂರೂ ಗಟ್ಟಿ ತಂಡಗಳೇ. ಒಂದು ದೇಶದ ಆಟ ಮೂರು ಪಾಲಾದರೂ ಶಕ್ತಿ ಕುಂದದೇ ಇರುವುದು ನನಗೆ ಬಹಳ ದೊಡ್ಡ ಸಂಗತಿ ಅನಿಸುತ್ತದೆ. ಇಟಲಿ, ಸ್ಪೇನ್, ಗ್ರೀಸ್ ಕೂಡ ಇದೇ ಸಾಲಿನವು.

ಮಹಿಳೆಯರ ಟೂರ್ನಿಯನ್ನೂ ಬಿಡಬೇಡಿ. 2012ರಿಂದ ಸತತ ಮೂರು ಚಿನ್ನ ಗೆದ್ದ ಅಮೆರಿಕ ಪ್ಯಾರಿಸ್‌ನಲ್ಲಿ ಪದಕವೇ ಇಲ್ಲದೆ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಸ್ಪೇನ್ ಆಸ್ಟ್ರೇಲಿಯಾವನ್ನು 11-9ರಿಂದ ಸೋಲಿಸಿ ಮೊದಲ ಸಲ ಚಿನ್ನ ಗೆದ್ದಿತು.

ನಿಮ್ಮ ಮೆಚ್ಚಿನ ತಂಡ ಸೋತಾಗ ಸುಮ್ನೆ ಅಂಕಪಟ್ಟಿ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಎದುರಾಳಿ ಹೊರಹೋದಾಗ ಸಿಕ್ಕ ಅವಕಾಶಗಳಲ್ಲಿ ಎಷ್ಟು ಗೋಲಾದವು, ಸೆಂಟರ್ ಡಿಫೆಂಡರ್ ಕೊನೆಯವರೆಗೂ ನೀರಿನಲ್ಲಿದ್ದನಾ, ಇವೆರಡನ್ನು ನೋಡಿ. ಇವು ಸರಿಯಾಗಿದ್ದರೆ ಕ್ವಾರ್ಟರ್‌ಫೈನಲ್‌ಗೆ ಧೈರ್ಯವಾಗಿ ಕಾಯಬಹುದು.